ಎಡಗೈ ಗೀರು

ದುರ್ಗಿಗುಡಿಯ ದನದ ಡಾಕ್ಟರು ವಸುಪಾಲಯ್ಯ
ಟವೆಲಿನಲ್ಲಿ ಸುತ್ತಿ ತಂದದ್ದನ್ನು
ನನ್ನ ಸಾಣೆಗಲ್ಲಿನ ಪಕ್ಕ ಇಟ್ಟರು,
ತಡವಾಗಿ ಹುಟ್ಟಿದ ಕರುವನ್ನು ಇಳಿಸುವ ಹಾಗೆ.
"ಹುಸೇನಿ, ಮುಟ್ಟು. ಆದರೆ ಉಜ್ಜಬೇಡ."

ಲಷ್ಕರ್ ಮೊಹಲ್ಲಾದಲ್ಲಿ ಮೂವತ್ತೆಂಟು ವರ್ಷ
ಉಜ್ಜಿಯೇ ಅನ್ನ ತಿಂದವನಿಗೆ
ಹೇಳುವ ಮಾತೇ ಇದು?

ಅವರು ಕಲಿಸಿದರು, ನಾನು ಕಲಿತೆ:
ಜಪಾನಿನ ಬಂದೂಕಿನ ಬಾಯಿಗೆ ಸಿಕ್ಕುವ ಉಂಗುರ,
ಅದರ ಕೆಳಗೆ ಕೊಕ್ಕೆ ಇದ್ದರೆ ಮೊದಲ ಕಾಲದ್ದು,
ಕೊಕ್ಕೆ ಬಿಟ್ಟು ನೆಟ್ಟಗಾದರೆ
ಕಬ್ಬಿಣಕ್ಕೂ ರೇಷನ್ ಬಂದ ಕಾಲದ್ದು.
ಹಿಡಿಗೆ ಸ್ಕ್ರೂ ಇದ್ದರೆ ಪುರುಸೊತ್ತಿತ್ತು,
ರಿವೆಟ್ ಹೊಡೆದಿದ್ದರೆ ಅವಸರ.
ಒರೆ ಉಕ್ಕಿನದೋ, ಸೋಲು ಹತ್ತಿರ ಬಂದಾಗಿನ ಮರದ್ದೋ.
ಹಿಡಿಯ ತುದಿಯಲ್ಲಿ ನಂಬರು,
ಅಲಗಿನ ಬುಡದಲ್ಲಿ ಕಾರ್ಖಾನೆಯ ಗುರುತು:
ನಾಲ್ಕು ಸುತ್ತು, ಒಂದಕ್ಕೊಂದು ಸಿಕ್ಕಿಕೊಂಡು,
ಬಳೆಗಾರನ ಮಲಾರದಿಂದ ಜಾರಿದ ಬಳೆಗಳ ಹಾಗೆ.

ನಕಲಿಯೂ ಬರುತ್ತವೆ.
ಕಳೆದ ಬೇಸಿಗೆ ಒಂದು ಬಂತು, ತುಕ್ಕು ಕುಂಕುಮದ ಬಣ್ಣ.
ಎಂಬತ್ತು ವರ್ಷದ ತುಕ್ಕು ಕಾಫಿ ಗಷ್ಟಿನಷ್ಟು ಕಪ್ಪು;
ಉಪ್ಪು ನಿಂಬೆಹಣ್ಣು ಹಚ್ಚಿ ಹದಿನೈದು ದಿನ ಮಲಗಿಸಿದ್ದಕ್ಕೆ
ಅಷ್ಟು ವಯಸ್ಸು ಎಲ್ಲಿಂದ ಬರಬೇಕು?
ನಂಬರನ್ನು ಬೆರಳಲ್ಲಿ ಸವರಿದೆ.
ಸುತ್ತಿಗೆ ಬಿದ್ದ ಅಂಕೆಯ ಸುತ್ತ ಉಕ್ಕು
ಒಂದಿಷ್ಟು ಹುಬ್ಬೇರಿಸಿರುತ್ತದೆ;
ಅಚ್ಚಿನಲ್ಲಿ ಹೊಯ್ದದ್ದಕ್ಕೆ ಪೆಟ್ಟಿನ ನೆನಪೇ ಇಲ್ಲ.
ಕಿಡಿ ತೋರಿಸಿ, ಯಾವ ಉಕ್ಕೆಂದು ಹೇಳುತ್ತೇನೆ:
ಒಳ್ಳೆಯದರ ಕಿಡಿ ಬಿರಿಯುತ್ತದೆ,
ಕಳಪೆಯದು ನೆಟ್ಟಗೆ ಓಡಿ ಸಾಯುತ್ತದೆ.
ಆದರೆ ಕಿಡಿ ಬೇಕೆಂದರೆ ಕಲ್ಲು ಸ್ವಲ್ಪ ತಿನ್ನಬೇಕು.
ತಿಂದದ್ದು ಮತ್ತೆ ಬರುವುದಿಲ್ಲ.

ಇವತ್ತಿನದು ಅಸಲಿ. ಕೊಕ್ಕೆ ಇದೆ, ಸ್ಕ್ರೂ ಇದೆ,
ನಂಬರಿನ ಕೊನೆಯ ಮೂರು ಅಂಕೆ ಉಗುರಿಗೆ ತಡೆಯುತ್ತವೆ.
ರಿಪ್ಪನ್‌ಪೇಟೆಯ ಮುಚ್ಚಿದ ಸಾಮಿಲ್ಲಿನಲ್ಲಿ
ತೊಗಟೆ ಸುಲಿಯಲು ಇಟ್ಟಿದ್ದರಂತೆ.
ಬರ್ಮಾಕ್ಕೆ ಹೋಗಿ ಬಂದ ವಾಚ್‌ಮನ್ ಒಬ್ಬನಿದ್ದನಂತೆ,
ಹೆಸರು ಯಾರಿಗೂ ಗೊತ್ತಿಲ್ಲ.
ಕಥೆಗೆ ಕಾಸಿಲ್ಲ ಎನ್ನುತ್ತಾರೆ ಡಾಕ್ಟರು,
ಉಕ್ಕು ಹೇಳಿದ್ದಷ್ಟೇ ಲೆಕ್ಕ.

ಅಲಗಿನ ಬುಡ ತಿರುಗಿಸಿದೆ.
ಬೋಳು.
ನಾಲ್ಕು ಸುತ್ತು ಇರಬೇಕಾದಲ್ಲಿ ಯಾರೋ ಸಾಣೆ ಹಿಡಿದಿದ್ದಾರೆ.
ಡಾಕ್ಟರು ಲೊಚಗುಟ್ಟಿದರು: "ಯಾವ ಮುಠ್ಠಾಳನೋ!
ಅರ್ಧ ಬೆಲೆ ಹೋಯಿತು."

ಕಿಟಕಿಯ ಬೆಳಕಿಗೆ ಓರೆ ಹಿಡಿದೆ.
ಗೀರುಗಳು ಹಿಡಿಯ ಕಡೆ ವಾಲಿವೆ;
ಬಲಗೈಯವನವು ತುದಿಯ ಕಡೆ ವಾಲುತ್ತವೆ.
ಬೆರಳಗಲಕ್ಕೊಂದು ಒಂಟಿ ಆಳದ ಗೆರೆ:
ಕಲ್ಲಿನ ಅಂಚಲ್ಲಿ ಚೆಕ್ಕೆ ಹಾರಿದ್ದರೆ
ಒಂದೊಂದು ಸುತ್ತಿಗೂ ಅದು ಒಮ್ಮೆ ಕಚ್ಚುತ್ತದೆ.
ಆ ಕಲ್ಲು ನನಗೆ ಗೊತ್ತು,
ಈಗ ನಮ್ಮ ಬಚ್ಚಲಿಗೆ ಮೆಟ್ಟಿಲಾಗಿ ಬಿದ್ದಿದೆ.
ಅದನ್ನು ಹೆಗಲಲ್ಲಿ ಹೊತ್ತು
ಹೊಸನಗರದಾಚೆಗೂ ನಡೆದು ಹೋಗುತ್ತಿದ್ದ
ಎಡಚ ಬುಡನ್ ಸಾಬ್, ನನ್ನ ಅಪ್ಪ.

ಯಾಕೆ ತೆಗೆದೆ? ವಾಚ್‌ಮನ್ ಬೇಡಿಕೊಂಡನೋ,
ಪೊಲೀಸರ ಭಯವೋ, ರಾತ್ರಿ ಆ ನಾಲ್ಕು ಕಣ್ಣು
ಅವನನ್ನೇ ನೋಡುತ್ತಿದ್ದವೋ,
ಇಲ್ಲ, ನಿನಗೆ ಅದು ಬರೀ ಕೊಳೆಯಾಗಿ ಕಂಡಿತೋ.
ಎರಡಾಣೆ ಸಿಕ್ಕಿರಬೇಕು.

ಹೊಸ ಅಚ್ಚು ಒತ್ತುವುದೇನು ಕಷ್ಟವಲ್ಲ.
ಭದ್ರಾವತಿಯಲ್ಲಿ ಕೆಲಸ ಹೋದ ಫಿಟ್ಟರ್ ಒಬ್ಬನಿದ್ದಾನೆ,
ಒಂದು ಬಾಟಲಿಗೆ ಕೆತ್ತಿ ಕೊಡುತ್ತಾನೆ.
ಅದು ಡಾಕ್ಟರಿಗೂ ಗೊತ್ತು.
ಅದಕ್ಕೇ ಇಬ್ಬರೂ ಆ ಮಾತು ಎತ್ತಲಿಲ್ಲ.

ಪುಸ್ತಕ ತೆಗೆದು ಪೆನ್ನು ಬಿಚ್ಚಿದರು:
"ಗುರುತು ಅಳಿಸಿದೆ, ಅಳಿಸಿದವರು ಗೊತ್ತಿಲ್ಲ. ಸರಿಯಾ?"
ನನ್ನ ಬಾಯಿ ತುಂಬ ಎಲೆಯಡಿಕೆ. ತಲೆಯಾಡಿಸಿದೆ,
ಹೌದೆಂದೂ ಆಗಬಹುದು, ಇಲ್ಲವೆಂದೂ.

ಅವರು ಹೋದ ಮೇಲೆ
ಮೀನಂಗಡಿಯ ಕ್ಯಾಥರಿನಮ್ಮ ಈಳಿಗೆ ತಂದಳು.
ಮಗುಚಿ ನೋಡಿದೆ. ಬುಡದಲ್ಲಿ
ಅರ್ಧ ಅಳಿದ ಒಂದು ಅಕ್ಷರ, "ಭ" ಇರಬಹುದು.
ಅದನ್ನು ಬಿಟ್ಟು ಅರೆದೆ, ಹೊತ್ತು ಹಿಡಿಯಿತು.
ಹತ್ತು ರೂಪಾಯಿ ಹೆಚ್ಚು ಕೇಳಿದ್ದಕ್ಕೆ
"ಯಾಕೆ, ಚಿನ್ನದ ಸಾಣೆಯಾ?" ಎಂದು ಬೈದು ಹೋದಳು.