ಕತ್ತಿನ ಬಳಿ ಒಂದು ಬಿರುಕು

ಮೂವತ್ತೊಂದು ವರ್ಷದಿಂದ ಈ ಸಂತನ ಧೂಳು ಒರೆಸುತ್ತಿದ್ದೇನೆ.
ಮರದ ಮೈ, ಚಿನ್ನದ ರೇಕು, ಎತ್ತಿದ ತೋರುಬೆರಳು.
ಕತ್ತಿನ ಬಳಿ ಕೂದಲೆಳೆಯಷ್ಟು ಬಿರುಕು,
ಅದು ನನಗೂ ಬಡಗಿಗೂ ಮಾತ್ರ ಗೊತ್ತು.
ಒಮ್ಮೆ ಹೋದ ತಲೆಯಲ್ಲವೇ,
ಸೀಳಿದರೆ ಮರವೂ ಅಲ್ಲೇ ಸೀಳುತ್ತದೆ.

ಜೂನ್ ಬಂತೆಂದರೆ ಗೊಜೊ ದ್ವೀಪದ ಈ ಊರಿಗೆ
ಪಟಾಕಿಗಿಂತ ಮೊದಲು ಜಗಳ.
ಹೊಸ ಪಾದ್ರಿ ದುನ್ ವಿಸ್ತಿನ್ ಪ್ರಸಂಗದಲ್ಲಿ ಕೇಳಿದರು:
“ಯಾರ ಹಬ್ಬ ಇದು?
ದ್ರಾಕ್ಷಾರಸ ಮುಟ್ಟದವನದು,
ಮಿಡತೆ ತಿಂದು ಬದುಕಿದವನದು.
ಒಬ್ಬ ಹುಡುಗಿ ಕುಣಿದಳು, ಅಮಲಿನ ದೊರೆ ಮಾತು ಕೊಟ್ಟ,
ಯೊವಾನ್ನನ ತಲೆ ತಟ್ಟೆಯಲ್ಲಿ ಬಂತು.
ನೀವು ಅವನ ಹೆಸರಲ್ಲೇ
ಬೆಳಿಗ್ಗೆ ಹತ್ತಕ್ಕೆ ಬಿಯರ್ ಎರಚಿಕೊಂಡು ಕುಣಿಯುತ್ತೀರಿ.
ಈ ವರ್ಷ ಬೆಳಗಿನ ಮೆರವಣಿಗೆ ಇಲ್ಲ.”

ಇಗರ್ಜಿಯೊಳಗೆ ಒಂದು ಕೆಮ್ಮೂ ಇಲ್ಲ.
ಕೆಮ್ಮು, ಉಗುಳು, ಬೈಗುಳ ಎಲ್ಲ ಆಮೇಲೆ
ಬ್ಯಾಂಡ್ ಕ್ಲಬ್ಬಿನ ಮೆಟ್ಟಿಲ ಮೇಲೆ.

ಟ್ರೊಂಬೋನ್ ಊದುವ ಗ್ಲೋರ್ಮು,
ಹುಟ್ಟಿದಾಗಿನಿಂದ ಬೈಬಲ್ ಬಿಚ್ಚದವನು,
ಯಾರಲ್ಲಿ ಕೇಳಿ ತಿಳಿದನೋ, ಮರುದಿನ ಬಂದು ನಿಂತ:
“ತಾಯ ಹೊಟ್ಟೆಯಲ್ಲೇ ಕುಣಿದ ಕೂಸು ಯಾರು ಸ್ವಾಮಿ?
ಬಾಗಿಲಲ್ಲಿ ಮರಿಯಮ್ಮ ಕರೆದ ದನಿಗೇ
ನೆಗೆದನಲ್ಲ, ಅದೇನು ಕವಾಯತೇ?”

ಆ ಮಾತು ಬೇಕರಿಗೆ ಹೋಯಿತು, ದೋಣಿ ಹತ್ತಿತು,
ಆಚೆ ದ್ವೀಪದಿಂದ ಉಪ್ಪು ಖಾರ ಹಚ್ಚಿಕೊಂಡು ಮರಳಿತು.
ಕಾನಾ ಊರಿನ ಆರು ಕಲ್ಲುಬಾನಿಗಳನ್ನು
ಯಾರೋ ಲೀಟರಿನಲ್ಲಿ ಲೆಕ್ಕ ಹಾಕಿದರು.
ಔಷಧಿ ಅಂಗಡಿಯ ಚೆನ್ಸ ಮಾತ್ರ
ಕೈಯಲ್ಲಿ ಪೊರಕೆ ಹಿಡಿದೇ ಕೇಳಿದಳು:
“ನನ್ನ ಹೊಸ್ತಿಲ ವಾಂತಿ ತೊಳೆಯುವವರು ಯಾರು, ಸಂತನೇ?
ಹೋದ ವರ್ಷ ನನ್ನ ಮಗನ ಹಲ್ಲು ಮುರಿದದ್ದು
ಯಾವ ಭಕ್ತಿ?”
ಅವಳಿಗೆ ಉತ್ತರ ಕೊಟ್ಟವರಿಲ್ಲ.
ನನ್ನಲ್ಲೂ ಇರಲಿಲ್ಲ.

ಹದಿನೇಳರಲ್ಲಿ ನಾನೂ ಆ ಮೆರವಣಿಗೆಯಲ್ಲಿ ಕುಣಿದವಳು.
ಸುಣ್ಣಕಲ್ಲಿನ ಗೋಡೆ ತುಂಬ ಬಿಸಿಲು,
ಮಾಳಿಗೆಯಿಂದ ಸುರಿವ ಬಣ್ಣದ ಕಾಗದದ ಚೂರು,
ಎದೆಯೊಳಗೇ ಬಾರಿಸಿದ ಹಾಗೆ ದೊಡ್ಡ ಡ್ರಮ್ಮು.
ಮನೆಗೆ ಬಂದಾಗ ಅಪ್ಪ ಬೆಲ್ಟು ಬಿಚ್ಚಿದ.
ಅದೇ ರಾತ್ರಿ ಕಂಠಮಟ್ಟ ಕುಡಿದು
ಸಂತನ ಪಾದ ಹಿಡಿದು ಅತ್ತ ಅಪ್ಪನನ್ನು ನೋಡಿ
ಊರು ಹೇಳಿತು, ಎಂಥ ಭಕ್ತ.

ಕೊನೆಗೆ ಬಿಷಪ್ಪರ ಕಾಗದ ಬಂತು.
ಮೆರವಣಿಗೆ ಇರಲಿ, ಗಾಜಿನ ಬಾಟಲಿ ಬೇಡ,
ಮಧ್ಯಾಹ್ನ ಒಂದಕ್ಕೆ ಮುಗಿಯಲಿ.
ಸಂತನನ್ನು ಹೊರುವ ಎಂಟು ಮಂದಿ ಮಾತ್ರ
ಆ ದಿನ ಒಂದು ಗುಟುಕೂ ಕುಡಿಯಕೂಡದು.
ಯಾರಿಗೂ ಸಮಾಧಾನವಾಗಲಿಲ್ಲ,
ಆದ್ದರಿಂದ ಎಲ್ಲರೂ ಒಪ್ಪಿದರು.

ಸಂಜೆ, ಗುಡಿಯ ಹಿಂದಿನ ಕೋಣೆ.
ಬಿಳಿ ನಿಲುವಂಗಿ ತೊಟ್ಟ ನೆನು,
ನಲವತ್ತು ವರ್ಷದಿಂದ ಮುಂದಿನ ಎಡಗಂಬ ಅವನದೇ,
ಉಳಿದ ಏಳು ಹೆಗಲೂ ಅವನ ಎತ್ತರಕ್ಕೆ ಆರಿಸಿದ್ದು.
ಗುಂಡಿ ಹಾಕಲು ಹೋದ ಬೆರಳು ನಿಲ್ಲುತ್ತಿಲ್ಲ,
ಗಾಳಿಪಟದ ಬಾಲದ ಹಾಗೆ.
“ಬೆಳಗಿನಿಂದ ಮುಟ್ಟಿಲ್ಲ ಫಾದರ್, ಆಣೆಗೂ,” ಅಂದ.
ಸುಳ್ಳಾಗಿದ್ದರೆ ನಡುಗುತ್ತಿರಲಿಲ್ಲ.

ದುನ್ ವಿಸ್ತಿನ್ ಬಾಗಿಲು ಹಾಕಿದರು,
ನನ್ನ ಕಡೆ ಕೈ ಚಾಚಿದರು. ಕೊಟ್ಟೆ, ಬೀರುವಿನ ಬೀಗದ ಕೈ.
ಅರ್ಧ ಲೋಟ. ಇನ್ನೂ ಮಂತ್ರಿಸದ,
ಬರೀ ದ್ರಾಕ್ಷಿಯಾಗಿದ್ದ ರಸ.
ನೆನು ನಿಂತೇ ಕುಡಿದ, ಕಹಿ ಔಷಧಿಯಂತೆ.
ಪಾದ್ರಿಯೇ ಲೋಟ ತೊಳೆದರು.
“ಜಿತಾ,” ಅಂದರು.
ಮುಂದೆ ಏನೂ ಅನ್ನಲಿಲ್ಲ.

ಸಂತ ಹೊರಟ.
ತಿರುವಿನಲ್ಲಿ ಬ್ಯಾಂಡು ಏರಿದಾಗ ಆ ಎಂಟು ಮಂದಿ
ಎರಡು ಹೆಜ್ಜೆ ಮುಂದೆ, ಒಂದು ಹಿಂದೆ,
ಮತ್ತೆ ಎರಡು.
ಎತ್ತಿದ ಬೆರಳು ಅತ್ತ ವಾಲಿತು, ಇತ್ತ ವಾಲಿತು.
ಇದಕ್ಕೆ ಏನು ಹೆಸರೆಂದು ಕಾಗದದಲ್ಲಿ ಬರೆದಿರಲಿಲ್ಲ.
ನಾನು ನೋಡುತ್ತಿದ್ದುದು ಕತ್ತನ್ನೇ.

ಮರುದಿನ ಬಟ್ಟೆ ಹಿಡಿದು ಏಣಿ ಹತ್ತಿದೆ.
ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು
ಒಂದು ಗುಲಾಬಿ ಕಾಗದದ ಚೂರು.
ಉಗುರು ಹಾಕಿದೆ, ಬರಲಿಲ್ಲ.
ಇನ್ನೊಮ್ಮೆ ಹಾಕಿದ್ದರೆ ಬರುತ್ತಿತ್ತೇನೋ.
ಇಳಿದುಬಂದೆ.
ಬಡಗಿಗೂ ಹೇಳಿಲ್ಲ.