ಮೂರು ಕೂಗು

ಮೇಜಿನ ಮೇಲೆ ಮೂರು ಅರ್ಜಿ ಫಾರಮ್ಮು,
ಗಾಳಿಗೆ ಹಾರದಂತೆ ಮೇಲೊಂದು ಸ್ಟ್ಯಾಂಪ್ ಪ್ಯಾಡು.
ಮಧುಗಿರಿ ಕೋರ್ಟಿನೆದುರು ನನ್ನದೊಂದು ತಗಡಿನ ಗೂಡು.
ಹದಿನಾಲ್ಕು ವರ್ಷ ಊರವರ ಜಗಳಗಳನ್ನು ಕುಟ್ಟಿದ್ದೇನೆ;
ಚಕ್ಕುಬಂದಿ ಬಾಯಿಪಾಠ:
ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದಾಯಾದಿ.

ಬಿ.ಎ. ಅಂಚೆಯಲ್ಲಿ ಬಂತು, ಮಗ ಮೊಲೆ ಕಚ್ಚಿಕೊಂಡಿದ್ದಾಗ.
ಕಾನೂನು ಅಂಚೆಯಲ್ಲಿ ಬರುವುದಿಲ್ಲವಂತೆ.

ಗಡಿಯಾಚೆಯ ಕಾಲೇಜಿನವನು ಫೋನು ಮಾಡಿದ್ದ, ದನಿಯಲ್ಲಿ ಬೆಣ್ಣೆ:
ಮೇಡಂ, ನೀವು ಬರುವುದೇ ಬೇಡ, ಫೀಸು ಬಂದರೆ ಸಾಕು,
ಹಾಜರಿ ನಾವು ನೋಡಿಕೊಳ್ಳುತ್ತೇವೆ,
ಪರೀಕ್ಷೆಗೊಮ್ಮೆ ಮುಖ ತೋರಿಸಿ ಹೋಗಿ.

ಬೆಂಗಳೂರಿನದು ಗಾಜಿನ ಕಟ್ಟಡ.
ಒಳಗೇ ಒಂದು ಆಟದ ಕೋರ್ಟು, ಜಡ್ಜಿನ ಕುರ್ಚಿಗೆ ಮಖಮಲ್ಲು.
ಫೀಸಿನ ಸಾಲಿನ ಸೊನ್ನೆಗಳನ್ನೆಣಿಸಿ,
ಕನ್ನಡಕ ಒರೆಸಿ ಮತ್ತೊಮ್ಮೆ ಎಣಿಸಿದೆ.
ಅಷ್ಟೇ ಇದ್ದವು.

ಉಳಿದದ್ದು ತುಮಕೂರು.
ಆರೂಕಾಲಕ್ಕೆ ಬಸ್ಸು. ಕೊರಟಗೆರೆಯಲ್ಲಿ
ಡ್ರೈವರು ಟೀ ಕುಡಿಯುವಷ್ಟು ಹೊತ್ತು ನಿಲ್ಲುತ್ತದೆ.
ಮೂರು ಗಂಟೆಗೆ ವಾಪಸು ಬಂದು ಬೀಗ ತೆಗೆದರೆ
ಅರ್ಧ ದಿನ, ಅರ್ಧ ದುಡಿಮೆ. ಮೂರು ವರ್ಷ.

ಹೋಗಿ ನೋಡಿಬಂದೆ. ಗೋಡೆಗೆ ಬಣ್ಣ ಕಂಡು ಬಹಳ ದಿನವಾಗಿದೆ.
ಲೈಬ್ರರಿಯ ಸಿವಿಲ್ ಪ್ರೊಸೀಜರು
ಬೆನ್ನು ಮುರಿದು ಗೋಣಿದಾರದಲ್ಲಿ ಕಟ್ಟಿಸಿಕೊಂಡಿದೆ.
ಯಾರೋ ಓದಿರಬೇಕು.
ಕ್ಲಾಸಿನ ಬಾಗಿಲಲ್ಲಿ ನಿಂತೆ. ಮೇಷ್ಟ್ರು ಹೆಸರು ಕೂಗುತ್ತಿದ್ದರು.
ಹುಡುಗನೊಬ್ಬ ಗೆಳೆಯನ ಸರದಿಗೆ 'ಪ್ರೆಸೆಂಟ್ ಸಾರ್' ಅಂದ.
ಅವರು ತಲೆ ಎತ್ತಲಿಲ್ಲ:
'ಅವನ ಬಾಯಿ ಅವನೇ ತರಲಿ.'

ಲಾಯರು ಷಡಕ್ಷರಪ್ಪನವರು ಕಾಫಿ ಊದುತ್ತ ಅಂದರು,
ಗಡಿಯಾಚೆಯದಕ್ಕೇ ಸೇರಮ್ಮ.
ಕರೀ ಕೋಟು ಎಲ್ಲಿ ಹೊಲಿಸಿದರೂ ಕರಿಯೇ.
ಯಾವ ಕಾಲೇಜು ಅಂತ ಯಾವ ಕಕ್ಷಿದಾರ ಕೇಳಿದ್ದಾನೆ?

ಯಾರೂ ಕೇಳಿಲ್ಲ, ನಿಜ.
ಆದರೆ ಹೋದ ಮಾಘದಲ್ಲಿ, ಮಿಡಿಗೇಶಿಯ ಮಾಳಮ್ಮನ ಪಾಲಿನ ದಾವೆ,
ಅದಕ್ಕಾಗಲೇ ಹನ್ನೊಂದು ವರ್ಷ ವಯಸ್ಸು,
ಜವಾನ ಬಾಗಿಲಿಗೆ ಬಂದು ಮೂರು ಸಲ ಕೂಗಿದ.
ಮಾಳಮ್ಮ ಅಲ್ಲೇ ಕಂಬಕ್ಕೊರಗಿ ನಿಂತಿದ್ದಳು.
ವಕೀಲರು ಬಂದಿರಲಿಲ್ಲ.
'ಹೆಸರು ಕೇಳಿಸ್ತವ್ವ' ಅಂದಳು ಆಮೇಲೆ,
'ಅವರಿಲ್ದೆ ನಾನು ಇದೀನಿ ಅನ್ಬೌದು ಅಂತ
ಯಾರು ಹೇಳಿದ್ರು ನಂಗೆ?'

ವಾದಿ ಗೈರುಹಾಜರು.
ವಕೀಲರು ಗೈರುಹಾಜರು.
ದಾವೆ ವಜಾ.

ಮತ್ತೆ ಫೈಲಿಗೆ ತೆಗೆದುಕೊಳ್ಳಬೇಕೆಂಬ ಅರ್ಜಿ ಕುಟ್ಟಿದವಳು ನಾನೇ.
'ಅನಿವಾರ್ಯ ಕಾರಣಗಳಿಂದ ಹಾಜರಾಗಲು ಸಾಧ್ಯವಾಗದೆ'
ಎಂಬ ಆ ಪುಟ ನನ್ನ ಕಂಪ್ಯೂಟರಿನಲ್ಲಿ ಯಾವತ್ತೂ ಸಿದ್ಧ,
ಹೆಸರೊಂದು ಬದಲಾಯಿಸಿದರಾಯಿತು.
ಪುಟಕ್ಕೆ ಮೂವತ್ತು ರೂಪಾಯಿ. ಸೆರಗಿನ ಗಂಟು ಬಿಚ್ಚಿದಳು.
ಬೇಡವೆಂದೆ.
'ಇಸ್ಕೊ, ನೀನಾದ್ರೂ ಬಂದು ಕುಂತಿದೀಯಲ್ಲ.'

ಆ ಮೂರು ಹತ್ತರ ನೋಟು ಇನ್ನೂ ಡ್ರಾಯರಿನಲ್ಲಿವೆ,
ಖರ್ಚು ಮಾಡಲು ಕೈ ಬರದೆ.

ಇವತ್ತು ಸ್ಟ್ಯಾಂಪ್ ಪ್ಯಾಡು ಎತ್ತಿದೆ.
ಎರಡು ಫಾರಮ್ಮಿನ ಹಿಂಬದಿ ಖಾಲಿಯಿದೆ,
ಕರಡು ಬರೆಯಲು ಆಗುತ್ತದೆ.
ಮೂರನೆಯದರಲ್ಲಿ, ಅಭ್ಯರ್ಥಿಯ ಪೂರ್ಣ ಹೆಸರು:
ಇಷ್ಟು ವರ್ಷ ಪತ್ರಗಳ ತಳದಲ್ಲಿ 'ಬಿಕ್ಕಲಂ' ಎಂಬುದರ ಪಕ್ಕ
ಇರುವೆಸಾಲಿನಂತೆ ಹರಿದ ನಾಲ್ಕಕ್ಷರ
ಇಲ್ಲಿ ಚೌಕಕ್ಕೊಂದರಂತೆ ಕೂತಿತು.
ಈ. ರ. ಕ್ಯಾ. ತ... ಒಟ್ಟು ಐದು, ಈಗ ಎಣಿಸಿದೆ.
ಮೇಷ್ಟ್ರು ಈರಕ್ಯಾತಮ್ಮ ಎಂದು ಕೂಗಿದಾಗ
ಹಿಂದಿನ ಬೆಂಚಿನ ಹುಡುಗರು ನಕ್ಕಾರು.
ನಗಲಿ. ಅಷ್ಟರಲ್ಲಿ ನಾನು 'ಇದ್ದೀನಿ' ಅಂದಿರುತ್ತೇನೆ.

ಮಗ ಕೇಳಿದ, ಆರೂಕಾಲಕ್ಕೆ ನೀನು ಹೊರಟರೆ ನನ್ನ ತಿಂಡಿ?
ಉಪ್ಪಿಟ್ಟು ಕಲಿ ಅಂದೆ.
ಸಂಜೆ ಪಾಸು ವಿಚಾರಿಸಲು ಬಸ್‌ಸ್ಟ್ಯಾಂಡಿಗೆ ಹೋದರೆ
ವಯಸ್ಸು ನೋಡಿ ಕಂಡಕ್ಟರು ಎರಡು ಸಲ ಕೇಳಿದ,
ಸ್ಟೂಡೆಂಟ್ ಯಾರಮ್ಮ?
ಹೇಳಿದೆ.
'ಕೊರಟಗೆರೆವರೆಗೂ ನಿಂತ್ಕೋಬೇಕು' ಅಂದ,
'ಆಮೇಲೆ ಸೀಟು ಸಿಗುತ್ತೆ.'