ಎಂಟು ಮೂಟೆ

ಬೇಸಿಗೆಯಿಡೀ ಬಿಳಿ ಕಂದೂರಾ, ಹೋಟೆಲಿನ ಟವೆಲು.
ಅಕ್ಟೋಬರಿನ ಒಂದು ಶನಿವಾರ ರಾತ್ರಿ
ಅಜ್ಮಾನಿನ ಈ ಗಲ್ಲಿಯ ಬಾಗಿಲಿಗೆ
ಧೊಪ್ಪನೆ ಬೀಳುತ್ತದೆ ಮೊದಲ ಮೂಟೆ:
ಹುಡುಗರ ಬೆವರು, ನೋವಿನ ಸ್ಪ್ರೇ,
ಹುಲ್ಲಲ್ಲದ ಹುಲ್ಲಿನ ಕರಿ ರಬ್ಬರ್ ಕಾಳು.
ಕಾಲೇಜು ಫುಟ್‌ಬಾಲ್ ಶುರುವಾಯಿತೆಂದು
ನನಗೆ ಹೇಳುವುದು ಮೂಗು.

ಎಂಟು ಕಾಲೇಜಿನ ಒಕ್ಕೂಟ, ಹದಿನಾಲ್ಕು ಸುತ್ತು.
ಒಂದು ಆಟವನ್ನೂ ಕಂಡವನಲ್ಲ ನಾನು,
ಅವರು ಓಡುವ ಹೊತ್ತಿಗೆ ನನ್ನ ಕೈ ಇಸ್ತ್ರಿಯ ಮೇಲೆ.
ಅಂಕಪಟ್ಟಿ ಮಾತ್ರ ನನ್ನನ್ನು ಕೇಳಿ.
ಗೆದ್ದವರ ಅಂಗಿ ಒಳಮೈ ಹೊರಗಾಗಿ
ಒಂದರ ತೋಳು ಇನ್ನೊಂದರ ಕೊರಳಿಗೆ ಸಿಕ್ಕಿ ಬರುತ್ತದೆ.
ಸೋತವರು ಮಡಚಿ ಕೊಡುತ್ತಾರೆ.
ಯಾಕೋ, ಸೋತ ದಿನ ಮನುಷ್ಯನಿಗೆ ಶಿಸ್ತು ಹೆಚ್ಚು.

ಕೆಂಪಿನವರದ್ದು ಬಣ್ಣ ಬಿಡುವ ಜಾತಿ,
ಬೇರೆಯೇ ನೆನೆಸಬೇಕು.
ಮೂರನೇ ಸುತ್ತಿನ ಹಿಂದಿನ ದಿನ ತೂಕಡಿಸಿದೆ;
ಬಿಳಿಯವರ ಇಪ್ಪತ್ತೆರಡೂ ಅಂಗಿ
ಪುನರ್ಪುಳಿ ಶರಬತ್ತಿನ ಬಣ್ಣಕ್ಕೆ ಬಂದವು.
ಹಾಗೇ ಆಡಿದರು. ನಾಲ್ಕು–ಸೊನ್ನೆ.
ಬೈಯಲು ಬಂದನೆಂದು ನಾನು ಒಳಗೆ ಸರಿದರೆ
ಮ್ಯಾನೇಜರ್ ಸೂಪ್ಪಿ ಗಲ್ಲೆಗೆ ಮೊಣಕೈ ಊರಿ ಪಿಸುಗುಟ್ಟಿದ:
"ಅಣ್ಣಾ, ಇನ್ನೊಂದು ಸಲ ತಪ್ಪು ಮಾಡ್ತೀಯಾ?"
ಫೆಬ್ರವರಿಯ ತನಕ ಮಾಡಿದೆ.
ತಪ್ಪಿಗೂ ಒಂದು ಅಳತೆ ಬೇಕು:
ಮೂಟೆಗೆ ಎರಡು ಕೆಂಪು ಕಾಲ್ಚೀಲ.

ನಮ್ಮಜ್ಜ ಬಾರ್ಕೂರಿನಲ್ಲಿ
ಕೇರುಕಾಯಿಯ ಮಸಿಯಲ್ಲಿ ಬಟ್ಟೆಗೆ ಗುರುತು ಹಾಕುತ್ತಿದ್ದ.
ಯಾರ ಸೆರಗಿನಲ್ಲಿ ಕಣ್ಣೀರು, ಯಾರ ಪಂಚೆಯಲ್ಲಿ ಕಳ್ಳು,
ಎಲ್ಲ ಗೊತ್ತಿದ್ದೂ ಹೊಳೆಗೆ ಮಾತ್ರ ಹೇಳಿದವನು.
ನಾನು ಅಷ್ಟು ಗಟ್ಟಿಯಲ್ಲ. ಒಂದು ಹೇಳಿಬಿಡುತ್ತೇನೆ.

ಹಸಿರಿನವರ ಹದಿನಾಲ್ಕನೇ ನಂಬರು.
ವಾರವಾರವೂ ಅವನ ಎಡಗಾಲ ಚೀಲದೊಳಗೆ
ಮಡಚಿ ಮಡಚಿ ಇಟ್ಟ ಐದು ದಿರ್ಹಮಿನ ನೋಟು;
ಇಸ್ತ್ರಿ ಹಾಕಿ, ಪಿನ್ನು ಚುಚ್ಚಿ ಕಳಿಸುತ್ತಿದ್ದೆ.
ಜನವರಿಯಲ್ಲಿ ತಾನೇ ಬಂದ, ಹೆಗಲು ಹರಿದ ಅಂಗಿ ಹಿಡಿದು.
ಮೀಸೆ ಇನ್ನೂ ಪೆನ್ಸಿಲ್ಲಿನದು.
ನನ್ನ ಮುರುಕು ಅರಬ್ಬಿ, ಅವನ ಮುರುಕು ಹಿಂದಿ.
"ನೋಟು ನಿನಗೇ ಇಟ್ಟದ್ದು," ಎಂದ,
"ನೀನ್ಯಾಕೆ ಅದನ್ನೂ ಒಗೆಯುತ್ತೀ?"
ಇಬ್ಬರೂ ನಕ್ಕೆವು. ಒಂಬತ್ತು ವಾರ ಮರಳಿಸಿದ್ದೆ!

ಭಾನುವಾರ ಒಯ್ಯುತ್ತೇನೆಂದವನು ಬರಲಿಲ್ಲ.
ಅಪ್ಪನ ಕಂಪನಿಗೆ ಬೀಗ ಬಿತ್ತಂತೆ.
ವೀಸಾ ಇರುವ ತನಕವಷ್ಟೇ ಇಲ್ಲಿ
ಎಡಗಾಲೆಂದೂ ಬಲಗಾಲೆಂದೂ ಲೆಕ್ಕ.
ಹತ್ತನೇ ಸುತ್ತಿಗೆ ಹಸಿರು ಮೂಟೆ ಮಡಚಿ ಬಂತು,
ಹನ್ನೊಂದಕ್ಕೂ.

ಮಾರ್ಚಿನ ಕೊನೆಯ ಶನಿವಾರ
ಕಪ್ಪು ಯಾರಿಗೆಂದು ಮೆಷಿನ್ನೇ ಹೇಳಿತು:
ನೀಲಿಯವರ ಮೂಟೆಯೊಳಗಿನ ಜರಿಕಾಗದದ ಚೂರು
ಅದರ ಗಂಟಲಿಗೆ ಸಿಕ್ಕಿ ಎರಡು ದಿನ ರಿಪೇರಿ.
ಅವರೂ ಕೆಂಪಿನವರೂ ಮುಂದಿನ ವರ್ಷ
ದುಬೈಯ ದೊಡ್ಡ ಒಕ್ಕೂಟಕ್ಕೆ ಹೋಗುತ್ತಾರಂತೆ;
ಅಲ್ಲಿ ನಿಜವಾದ ಹುಲ್ಲು, ಟೀವಿ, ಸ್ವಂತ ಲಾಂಡ್ರಿ.
ಇನ್ನು ಆರೇ ಮೂಟೆ.
ಸೂಪ್ಪಿಯ ಚಿಂತೆ ಬೇರೆ:
"ಕೆಂಪು ಕಾಲ್ಚೀಲ ಒಂದೆರಡು ತೆಗೆದಿಟ್ಟಿದ್ದೀಯ ತಾನೇ?"

ಏಪ್ರಿಲ್. ಕಂದೂರಾ, ಟವೆಲು.
ಹದಿನಾಲ್ಕು ಇನ್ನೂ ಕಪಾಟಿನಲ್ಲೇ ಇತ್ತು, ಚೀಟಿಯ ಸಮೇತ.
ಮೂರು ತಿಂಗಳಾದರೆ ಅಂಗಡಿಯ ಪಾಲು,
ಬೋರ್ಡಿನಲ್ಲಿ ಮೂರು ಭಾಷೆಯಲ್ಲಿ ಬರೆದಿದೆ.
ರಾತ್ರಿ ಏಸಿ ಜೋರಾದರೆ ಹಾಕಿಕೊಂಡು ಮಲಗುತ್ತೇನೆ.
ಹೆಗಲಿನ ಹೊಲಿಗೆ ಗಟ್ಟಿಯಿದೆ.
ಹೊಟ್ಟೆಯ ಹತ್ತಿರ ತುಸು ಬಿಗಿ.